ವೋಲ್ಟಾ ನದಿಯ ಕನಸುಗಾರ

ಪಶ್ಚಿಮ ಆಫ್ರಿಕದ ಘಾನಾ ದೇಶವನ್ನು ಆಳುತ್ತಿದ್ದ ಬ್ರಿಟಿಷರು ಅದನ್ನು ಗೋಲ್ಡ್ ಕೋಸ್ಟ್, ಎಂದರೆ ಚಿನ್ನದ ತೀರ, ಎಂದು ಕರೆಯುತ್ತಿದ್ದರು. ಚಿನ್ನವಲ್ಲದೆ ಅಲ್ಯೂಮಿನಿಯಂ ಲೋಹದ ಅದಿರಾದ ಬಾಕ್ಸೈಟ್ ಕೂಡ ಆ ನೆಲದಲ್ಲಿ ಹೇರಳವಾಗಿದೆ. ಅಲ್ಲಿನ ಎನ್‌ಕ್ರೋಫುಲ್ ಎಂಬ ಹಳ್ಳಿಯಲ್ಲಿ, ಅಕ್ಕಸಾಲಿಗರೊಬ್ಬರ ಮಗನಾಗಿ, 1909ರಲ್ಲಿ ಕ್ವಾಮೆ ಎನ್‌ಕ್ರುಮಾ ಜನಿಸಿದರು.

ಅಮೆರಿಕದಲ್ಲಿ ಉನ್ನತ ವ್ಯಾಸಂಗ ಮಾಡಿದ ಎನ್‌ಕ್ರುಮಾ 1947ರಲ್ಲಿ ತಾಯ್ನಾಡಿಗೆ ಮರಳಿ ಸ್ವಾತಂತ್ರ್ಯ ಚಳವಳಿಯ ಮುಂದಾಳಾದರು. ಸೆರೆಮನೆಯಲ್ಲಿದ್ದುಕೊಂಡೇ 1951ರ ಚುನಾವಣೆಯಲ್ಲಿ ಗೆದ್ದರು. 1957ರ ಮಾರ್ಚ್ 6ರಂದು ಘಾನಾ ಸ್ವತಂತ್ರವಾದಾಗ ಅದರ ಮೊದಲ ಪ್ರಧಾನಮಂತ್ರಿಯಾದರು.

ಕೋಕೋ ಬೆಳೆಯೊಂದನ್ನೇ ನೆಚ್ಚಿಕೊಂಡ ನಾಡಿನ ಸ್ವಾತಂತ್ರ್ಯ ಅಪೂರ್ಣವೆಂಬುದು ಅವರ ದೃಢವಾದ ನಂಬಿಕೆ. ಅದಿರನ್ನು ಲೋಹವಾಗಿಸಲು ಅಪಾರ ವಿದ್ಯುಚ್ಛಕ್ತಿ ಬೇಕು. ಅಕೊಸೊಂಬೊ ಎಂಬಲ್ಲಿ ವೋಲ್ಟಾ ನದಿಗೆ ಅಣೆಕಟ್ಟು ಕಟ್ಟಿದರೆ ಅದು ದೊರೆಯುವಂತಿತ್ತು. ಆದರೆ ವೆಚ್ಚಕ್ಕೆ ಅಂಜಿ ಬ್ರಿಟನ್ ಹಿಂದೆ ಸರಿದಿತ್ತು. ಎನ್‌ಕ್ರುಮಾ ಧೃತಿಗೆಡದೆ 1958ರಲ್ಲಿ ಅಮೆರಿಕಕ್ಕೆ ತೆರಳಿ ನೆರವು ಕೋರಿದರು. ಅಲ್ಲಿನ ಕೈಸರ್ ಕಂಪನಿ ಲೋಹದ ಕಾರ್ಖಾನೆ ಸ್ಥಾಪಿಸಲು ಮುಂದೆ ಬಂದಿತು. ವಿಶ್ವಬ್ಯಾಂಕು, ಅಮೆರಿಕ ಮತ್ತು ಬ್ರಿಟನ್ ಸಾಲ ನೀಡಿದವು. ಅಣೆಕಟ್ಟಿನ ವೆಚ್ಚದ ಅರ್ಧಭಾಗವನ್ನು ಘಾನಾ ತಾನೇ ಹೊತ್ತಿತು. 1961ರಲ್ಲಿ ಕೆಲಸ ಆರಂಭವಾಯಿತು.

ಈ ನೆರವು ಸುಲಭದ್ದಾಗಿರಲಿಲ್ಲ. ಟೆಮಾ ಬಂದರಿನ ಕಾರ್ಖಾನೆಗೆ ದೀರ್ಘಕಾಲ ಅಗ್ಗದ ದರದಲ್ಲಿ ವಿದ್ಯುತ್ ಒದಗಿಸಲು ಘಾನಾ ಒಪ್ಪಬೇಕಾಯಿತು. ಆ ಕಾರ್ಖಾನೆಯಾದರೋ ಹೊರದೇಶಗಳಲ್ಲಿ ಸಂಸ್ಕರಿಸಿ ತಂದ ಕಚ್ಚಾವಸ್ತುವನ್ನೇ ಬಳಸಿತು. ಘಾನಾದ ಬಾಕ್ಸೈಟ್ ಅಲ್ಲಿಗೆ ಬರಲಿಲ್ಲ. ನದಿ ತುಂಬಿ ಸುಮಾರು 8,500 ಚದರ ಕಿಲೋಮೀಟರ್ ವಿಸ್ತಾರದ ಸರೋವರವಾದಾಗ 700ಕ್ಕೂ ಹೆಚ್ಚು ಹಳ್ಳಿಗಳು ಮುಳುಗಿದವು. ನೆಲೆ ತಪ್ಪಿದ ಸುಮಾರು 80,000 ಜನರಿಗಾಗಿ 52 ಹೊಸ ಊರುಗಳನ್ನು ಕಟ್ಟಲಾಯಿತು. ಸಾಗುವಳಿಗೆ ಭೂಮಿ ಸಾಲದೆ ಅನೇಕರು ಅವನ್ನೂ ತೊರೆದರು. ವಿದ್ಯುತ್ತಿಗಾಗಿ ಮನೆಮಠ ಬಿಟ್ಟವರ ಎಷ್ಟೋ ಊರುಗಳಿಗೆ ಬಹುಕಾಲ ವಿದ್ಯುದ್ದೀಪವೇ ಬರಲಿಲ್ಲ.

ಈ ನಡುವೆ ಕೋಕೋ ಬೆಲೆ ಕುಸಿಯಿತು, ದೇಶದ ಸಾಲ ಬೆಳೆಯಿತು. ಎನ್‌ಕ್ರುಮಾ ಅವರು ವಿರೋಧಿಗಳನ್ನು ವಿಚಾರಣೆಯಿಲ್ಲದೆ ಬಂಧನದಲ್ಲಿಟ್ಟರು. 1964ರಲ್ಲಿ ಏಕಪಕ್ಷದ ಆಡಳಿತವನ್ನು ತಂದರು. ಅವರನ್ನು ಮೆಚ್ಚಿದ್ದ ಜನರಲ್ಲಿಯೇ ಅಸಮಾಧಾನ ಹಬ್ಬಿತು. 1966ರ ಜನವರಿ 22ರಂದು ಅವರು ಅಣೆಕಟ್ಟನ್ನು ಉದ್ಘಾಟಿಸಿದರು. ಫೆಬ್ರವರಿ 24ರಂದು, ಅವರು ವಿದೇಶ ಪ್ರವಾಸದಲ್ಲಿದ್ದಾಗ, ಸೇನೆ ಅಧಿಕಾರವನ್ನು ಕಿತ್ತುಕೊಂಡಿತು. ಗಿನಿ ದೇಶ ಅವರಿಗೆ ಆಶ್ರಯ ನೀಡಿತು. ತಾಯ್ನಾಡಿಗೆ ಮರಳಲಾಗದೆ, 1972ರ ಏಪ್ರಿಲ್ 27ರಂದು ರುಮೇನಿಯಾದ ಬುಖಾರೆಸ್ಟ್ ನಗರದಲ್ಲಿ ಅವರು ನಿಧನರಾದರು.

ಅಕೊಸೊಂಬೊ ಇಂದಿಗೂ ಘಾನಾಕ್ಕೆ ಬೆಳಕು ನೀಡುತ್ತಿದೆ. ಹರಿಯುವ ನದಿಯನ್ನು ತಡೆದು ನಿಲ್ಲಿಸುವುದಕ್ಕಿಂತಲೂ, ಅದರ ಫಲ ನಾಡಿನ ಜನರಿಗೆಲ್ಲ ಸಲ್ಲುವಂತೆ ಮಾಡುವುದು ಕಠಿನವಾದ ಕಾರ್ಯವೆಂಬುದನ್ನು ಎನ್‌ಕ್ರುಮಾ ಅವರ ಜೀವನ ತಿಳಿಸುತ್ತದೆ.