ನೆಲವನ್ನರಿತ ತೋಟಗಾರ ಜೆನ್ಸ್ ಜೆನ್ಸನ್

ಉತ್ತರ ಅಮೆರಿಕದಲ್ಲಿ ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಕಾಡುಗಳ ಬಣ್ಣ ಬದಲಾಗತೊಡಗುತ್ತದೆ. ಹಗಲು ಕಿರಿದಾಗಿ ಚಳಿ ಮೊದಲಾದಾಗ ಎಲೆಗಳಲ್ಲಿನ ಪತ್ರಹರಿತ್ತು ಕ್ಷಯಿಸುತ್ತದೆ. ಅದರ ಮರೆಯಲ್ಲಿ ಅಡಗಿದ್ದ ಹಳದಿ ವರ್ಣವು ಹೊರತೋರುತ್ತದೆ. ಕೆಲವು ಗಿಡಗಳ ಎಲೆಗಳಲ್ಲಿ ಕೆಂಪು ವರ್ಣವು ಆಗ ಹೊಸದಾಗಿ ಹುಟ್ಟುತ್ತದೆ. ಸಕ್ಕರೆ ಮೇಪಲ್ ಮರವು ಹೊನ್ನಿನ, ಕಿತ್ತಳೆಯ ಬಣ್ಣವನ್ನು ತಳೆಯುತ್ತದೆ. ಸುಮ್ಯಾಕ್ ಎಂಬ ಪೊದೆ ಕಡುಗೆಂಪಾಗುತ್ತದೆ. ಈ ಶರತ್ಕಾಲದ ಸೊಬಗು ಕಣ್ಣೆದುರಿಗೇ ಇದ್ದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಸಿರಿವಂತರು ತಮ್ಮ ತೋಟಗಳಿಗೆ ದೂರದೇಶದ ಗಿಡಗಳನ್ನು ತರಿಸುತ್ತಿದ್ದರು. ಹೊಲದಂಚಿನ ಪೊದೆಗಳು ಅವರಿಗೆ ಕೇವಲ ಕಳೆಯಾಗಿದ್ದವು. ಆ ಕಳೆಗೆ ತೋಟದಲ್ಲಿ ಗೌರವದ ಸ್ಥಾನವನ್ನು ದೊರಕಿಸಿಕೊಟ್ಟವರಲ್ಲಿ ಜೆನ್ಸ್ ಜೆನ್ಸನ್ ಪ್ರಮುಖರು.

ಜೆನ್ಸನ್ ಅವರು 1860ರ ಸೆಪ್ಟೆಂಬರ್ 13ರಂದು ಡೆನ್ಮಾರ್ಕ್ ದೇಶದ ಒಂದು ರೈತ ಮನೆತನದಲ್ಲಿ ಜನಿಸಿದರು. ಅವರು ಎಳೆಯ ಬಾಲಕರಾಗಿದ್ದಾಗ, 1864ರ ಯುದ್ಧದಲ್ಲಿ, ಅವರ ಹುಟ್ಟೂರಿನ ಪ್ರದೇಶವು ಪ್ರಷ್ಯದ ವಶವಾಯಿತು. ತರುಣ ಜೆನ್ಸನ್ ಜರ್ಮನ್ ಸೈನ್ಯದಲ್ಲಿ ಸೇವೆ ಸಲ್ಲಿಸಬೇಕಾಯಿತು. ಆ ಸೇವೆಯ ಕಾಲದಲ್ಲಿ ಬರ್ಲಿನ್ನಿನ ಉದ್ಯಾನಗಳನ್ನು ನೋಡುವ ಅವಕಾಶ ಅವರಿಗೆ ಒದಗಿತು. 1884ರಲ್ಲಿ, ಮನೆಯವರಿಗೆ ಒಪ್ಪಿಗೆಯಾಗದ ಆ್ಯನ್ ಮೇರಿ ಹ್ಯಾನ್ಸನ್ ಎಂಬ ತರುಣಿಯೊಡನೆ, ಪಿತ್ರಾರ್ಜಿತ ಹೊಲವನ್ನು ತೊರೆದು ಅವರು ಅಮೆರಿಕಕ್ಕೆ ಹಡಗನ್ನೇರಿದರು.

ಫ್ಲಾರಿಡ, ಅಯೋವಗಳಲ್ಲಿ ಕೆಲಕಾಲ ದುಡಿದು ಜೆನ್ಸನ್ ಷಿಕಾಗೋ ನಗರಕ್ಕೆ ಬಂದರು. ಅಲ್ಲಿನ ಪಶ್ಚಿಮ ಭಾಗದ ಉದ್ಯಾನ ಇಲಾಖೆಯಲ್ಲಿ ಅವರಿಗೆ ದೊರೆತದ್ದು ಸಾಮಾನ್ಯ ಕೂಲಿಯ ಕೆಲಸ. ಕ್ರಮೇಣ ಗಿಡ ನೆಡಿಸುವ ಹೊಣೆ ಅವರ ಪಾಲಿಗೆ ಬಂದಿತು. ರೂಢಿಯಂತೆ ಅವರೂ ಪರದೇಶದ ಸಸ್ಯಗಳನ್ನು ಅಚ್ಚುಕಟ್ಟಾದ ಪಾತಿಗಳಲ್ಲಿ ನೆಡಿಸಿದರು. ಆದರೆ ಆ ನೆಲ ಅವುಗಳಿಗೆ ಒಗ್ಗಲಿಲ್ಲ. ಅವು ಸೊರಗಿ ಸತ್ತವು. ನಗರದ ಹೊರಗಿನ ಹುಲ್ಲುಗಾವಲಿನಲ್ಲಿಯಾದರೋ ಕಾಡುಹೂಗಳು ಯಾರ ಆರೈಕೆಯೂ ಇಲ್ಲದೆ ನಳನಳಿಸುತ್ತಿದ್ದವು. ಜೆನ್ಸನ್ ಅಲ್ಲಿಗೆ ಗಾಡಿಯನ್ನು ಒಯ್ದು, ಆ ಗಿಡಗಳನ್ನು ಕಿತ್ತು ತಂದು, 1888ರಲ್ಲಿ ಯೂನಿಯನ್ ಪಾರ್ಕಿನ ಒಂದು ಮೂಲೆಯಲ್ಲಿ ನೆಟ್ಟರು. ಅದಕ್ಕೆ ಅಮೆರಿಕನ್ ತೋಟವೆಂದು ಹೆಸರಾಯಿತು. ಜನರು ಅದನ್ನು ಮೆಚ್ಚಿ ನೋಡಬಂದರು.

ದುಡಿಮೆಯಿಂದ ಮೇಲೇರಿದ ಜೆನ್ಸನ್ ಅವರಿಗೆ ಪರೀಕ್ಷೆಯ ಕಾಲ ಬಂದಿತು. ಉದ್ಯಾನಗಳ ಆಡಳಿತದಲ್ಲಿ ರಾಜಕಾರಣಿಗಳ ಲಂಚಗುಳಿತನ ಬೇರೂರಿತ್ತು. ಅದಕ್ಕೆ ಕೈಜೋಡಿಸಲು ಅವರು ಒಪ್ಪಲಿಲ್ಲ. ಫಲವಾಗಿ 1900ರಲ್ಲಿ ಕೆಲಸವನ್ನು ಕಳೆದುಕೊಂಡರು. ಸಂಸಾರದ ಭಾರ ಹೆಗಲ ಮೇಲಿದ್ದರೂ ಅವರು ಬಾಗಲಿಲ್ಲ. ಖಾಸಗಿ ಮನೆಗಳ ತೋಟಗಳನ್ನು ರೂಪಿಸಿ ಜೀವನ ಸಾಗಿಸಿದರು. ಆಡಳಿತ ಶುದ್ಧಿಗೊಂಡ ಮೇಲೆ, 1905ರಲ್ಲಿ, ಅದೇ ಇಲಾಖೆ ಅವರನ್ನು ಮುಖ್ಯಾಧಿಕಾರಿಯನ್ನಾಗಿ ಮರಳಿ ಕರೆಯಿತು.

ಗಿಡಗಳ ಆಯ್ಕೆಯಲ್ಲಿ ಜೆನ್ಸನ್ ಅವರ ರೀತಿ ಸರಳವಾದುದು. ಗಿಡವು ಕಾಡಿನಲ್ಲಿ ಎಂತಹ ಮಣ್ಣಿನಲ್ಲಿ, ಎಷ್ಟು ಬಿಸಿಲಿನಲ್ಲಿ, ಯಾವ ನೆರೆಯೊಡನೆ ಬೆಳೆಯುವುದೆಂದು ಮೊದಲು ನೋಡುತ್ತಿದ್ದರು. ತೋಟದಲ್ಲಿಯೂ ಅಂತಹ ಎಡೆಯನ್ನೇ ಅದಕ್ಕೆ ಒದಗಿಸುತ್ತಿದ್ದರು. ನೆರಳನ್ನು ಸಹಿಸುವ ಮೇಪಲ್ ಮರಗಳು ತೋಪಿಗೆ ಸಲ್ಲುತ್ತಿದ್ದವು. ಬಿಸಿಲನ್ನು ಬಯಸುವ ಸುಮ್ಯಾಕ್ ಬಯಲಿನ ಅಂಚಿಗೆ ಸಲ್ಲುತ್ತಿತ್ತು. ಹಾಥಾರ್ನ್ ಮರದ ಅಡ್ಡಡ್ಡಲಾಗಿ ಚಾಚಿದ ಕೊಂಬೆಗಳಲ್ಲಿ ಅವರು ಹುಲ್ಲುಗಾವಲಿನ ವಿಸ್ತಾರವನ್ನೇ ಕಂಡರು. ಹೂವಿನ ಕಾಲವೊಂದೇ ಅಲ್ಲದೆ, ಎಲೆ ಹಣ್ಣಾಗುವ ಕಾಲ, ಹಿಮ ಬೀಳುವ ಕಾಲಗಳೂ ಅವರ ಲೆಕ್ಕದಲ್ಲಿದ್ದವು. ಮೋಟಾರು ಉದ್ಯಮಿ ಹೆನ್ರಿ ಫೋರ್ಡ್ ಅವರ ಮಿಷಿಗನ್ ರಾಜ್ಯದ ಮನೆಗೆ ಅವರು ನಿರ್ಮಿಸಿದ ಉದ್ದನೆಯ ಹುಲ್ಲುಬಯಲು ಮುಳುಗುವ ಸೂರ್ಯನತ್ತ ಮುಖ ಮಾಡಿತ್ತು. ಮನೆಯೊಡತಿ ಗುಲಾಬಿ ತೋಟವನ್ನು ಬಯಸಿದಾಗ ಭಿನ್ನಾಭಿಪ್ರಾಯ ತಲೆದೋರಿತು. ಜೆನ್ಸನ್ ಆ ಕೆಲಸವನ್ನೇ ಬಿಟ್ಟು ನಡೆದರು.

ತೋಟಕ್ಕೆ ಗುರುವಾದ ಕಾಡೇ ಅಳಿದರೆ ಮುಂದಿನವರು ಕಲಿಯುವುದೆಲ್ಲಿ? ಈ ಚಿಂತೆಯಿಂದ ಜೆನ್ಸನ್ 1913ರಲ್ಲಿ ಸಂಗಡಿಗರೊಡನೆ ಸ್ವದೇಶೀ ನಿಸರ್ಗದ ಗೆಳೆಯರ ಸಂಘವನ್ನು ಸ್ಥಾಪಿಸಿದರು. ಮಿಷಿಗನ್ ಸರೋವರದ ದಡದ ಇಂಡಿಯಾನ ಮರಳುದಿಬ್ಬಗಳ ರಕ್ಷಣೆಗಾಗಿ ಅವರು ಹೋರಾಡಿದರು. 1920ರ ದಶಕದಲ್ಲಿ ಅದರ ಒಂದು ಭಾಗ ರಾಜ್ಯದ ಉದ್ಯಾನವಾಯಿತು. 2019ರಲ್ಲಿ ಇಂಡಿಯಾನ ದಿಬ್ಬಗಳಿಗೆ ರಾಷ್ಟ್ರೀಯ ಉದ್ಯಾನದ ಸ್ಥಾನ ದೊರೆಯಿತು.

ಎಪ್ಪತ್ತೈದರ ವಯಸ್ಸಿನಲ್ಲಿ ಅವರು ವಿಸ್ಕಾನ್ಸಿನ್ನಿನ ಕಾಡಿನ ನಡುವೆ ಒಂದು ಶಾಲೆಯನ್ನು ತೆರೆದರು. ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ಅಬ್ರಹಾಂ ಲಿಂಕನ್ನರ ಸ್ಮಾರಕ ತೋಟದ ನಕ್ಷೆಯನ್ನೂ ರಚಿಸಿಕೊಟ್ಟರು. ಅದಕ್ಕಾಗಿ ಅವರು ಆರಿಸಿದ್ದು ಲಿಂಕನ್ನರು ಬಾಳಿದ ಮೂರು ರಾಜ್ಯಗಳ ಗಿಡಮರಗಳನ್ನೇ. 1936ರಲ್ಲಿ ಮಕ್ಕಳು ಅಲ್ಲಿ ಓಕ್ ಮರದ ಬೀಜಗಳನ್ನು ಬಿತ್ತಿದರು. ಆ ಬೀಜಗಳು ಹೆಮ್ಮರಗಳಾಗುವುದನ್ನು ತಾವು ಕಾಣಲಾರೆವೆಂದು ಮುದುಕ ಜೆನ್ಸನ್ ಅವರಿಗೆ ತಿಳಿದಿತ್ತು. 1951ರ ಅಕ್ಟೋಬರ್ 1ರಂದು, ಎಲೆಗಳು ಬಣ್ಣವೇರುವ ಋತುವಿನಲ್ಲಿ, ಅವರು ತೀರಿಕೊಂಡರು.

ಜೆನ್ಸನ್ ಅವರದು ಪರನಾಡಿನಿಂದ ಬಂದವರ ಬದುಕು. ಹೊಸ ನಾಡಿನವರು ಕಡೆಗಣಿಸಿದ್ದ ಗಿಡಗಳ ಚೆಲುವನ್ನು ಆ ನಾಡಿನವರಿಗೇ ತೋರಿಸಿಕೊಟ್ಟದ್ದು ಅವರ ಹಿರಿಮೆ. ದುಬಾರಿ ಸಸಿಗಳಿಂದಲೇ ತೋಟ ಚೆಲುವಾಗುವುದಿಲ್ಲ. ಕಾಲಕೆಳಗಿನ ನೆಲವನ್ನು ಅರಿತು ಆರಿಸಿದ ಗಿಡವೇ ಅದಕ್ಕೆ ಶೋಭೆ. ಇದನ್ನು ಅವರು ತಮ್ಮ ಕೆಲಸದಿಂದಲೇ ಸಾಧಿಸಿ ತೋರಿಸಿದರು.