ನಗುವ ಬುದ್ಧನ ಜೋಳಿಗೆ

ವೆರ್ಣಾದ ಕೈಗಾರಿಕಾ ವಸಾಹತಿನಲ್ಲಿ ದುಡಿಯುವ ಹಲವು ಕನ್ನಡಿಗರ ಮನೆಗಳ ಷೋಕೇಸಿನಲ್ಲಿ ಒಂದು ಪುಟ್ಟ ಮೂರ್ತಿಯನ್ನು ನಾವು ಕಾಣುತ್ತೇವೆ. ಬೋಳು ತಲೆ, ಡೊಳ್ಳು ಹೊಟ್ಟೆ, ಹೆಗಲಲ್ಲಿ ಗಂಟು, ಬಾಯ್ತುಂಬ ನಗು. ಇದನ್ನು ನಗುವ ಬುದ್ಧ ಎಂದು ಕರೆಯುತ್ತೇವೆ. ಆದರೆ ಇವನು ಲುಂಬಿನಿಯಲ್ಲಿ ಹುಟ್ಟಿದ ಗೌತಮ ಬುದ್ಧನಲ್ಲ. ನಮ್ಮ ಗೋವೆಯ ಕೊಲ್ವಾಳೆಯ ಬಳಿ 1930ರಲ್ಲಿ ಫಾದರ್ ಹೆರಾಸ್ ಅವರಿಗೆ ದೊರೆತ ಧ್ಯಾನಮೂರ್ತಿ ಗೌತಮನದು. ಷೋಕೇಸಿನಲ್ಲಿ ನಗುತ್ತಿರುವವನು ಅವನಿಗಿಂತ ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ ಬಾಳಿದ ಒಬ್ಬ ಚೀನೀ ಭಿಕ್ಷು.

ಅವನ ಹೆಸರು ಚೀತ್ಸ. ಕ್ರಿ.ಶ. 900ರ ಆಸುಪಾಸಿನಲ್ಲಿ, ಇಂದಿನ ನಿಂಗ್ಬೋ ನಗರಕ್ಕೆ ಸೇರಿದ ಫಂಗ್‌ಹುವಾ ಎಂಬ ಊರಿನ ಸುತ್ತಮುತ್ತ ಅವನು ತಿರುಗಾಡಿಕೊಂಡಿದ್ದ. ಅವನಿಗೆ ಸ್ವಂತ ಮನೆಯಿರಲಿಲ್ಲ. ಒಂದು ಕೋಲು, ಅದಕ್ಕೆ ತೂಗಿದ ಒಂದು ಬಟ್ಟೆಯ ಚೀಲ, ಇವೇ ಅವನ ಆಸ್ತಿ. ಆದ್ದರಿಂದಲೇ ಜನ ಅವನನ್ನು ಬುದಾಯ್ ಎಂದರು. ಆ ಮಾತಿಗೆ ಬಟ್ಟೆಯ ಚೀಲವೆಂದೇ ಅರ್ಥ. ನಮ್ಮ ನಾಡಿನ ಜಂಗಮರ ಜೋಳಿಗೆಯನ್ನು ಬಲ್ಲವರಿಗೆ ಈ ಚಿತ್ರ ಹೊಸದಲ್ಲ.

ಅವನು ಅಂಗಡಿ ಬೀದಿಯಲ್ಲಿ ಕಂಡದ್ದನ್ನು ಬೇಡುತ್ತಿದ್ದ. ಕೊಟ್ಟದ್ದರಲ್ಲಿ ಸ್ವಲ್ಪ ತಿಂದು, ಸ್ವಲ್ಪ ಚೀಲಕ್ಕೆ ಹಾಕುತ್ತಿದ್ದ. ಹಿಮದಲ್ಲಿ ಮಲಗಿದರೂ ಅವನ ಮೈಮೇಲೆ ಹಿಮ ನಿಲ್ಲುತ್ತಿರಲಿಲ್ಲವಂತೆ. ಅವನು ಒದ್ದೆಯಾದ ಹುಲ್ಲಿನ ಪಾದರಕ್ಷೆ ತೊಟ್ಟು ಅವಸರದಿಂದ ನಡೆದರೆ ಮಳೆ ಬರುವುದೆಂದೂ, ಎತ್ತರದ ಮರದ ಪಾದುಕೆ ತೊಟ್ಟು ಸೇತುವೆಯ ಮೇಲೆ ಮೊಣಕಾಲು ಮಡಚಿ ಮಲಗಿದರೆ ಬಿಸಿಲು ಕಾಯುವುದೆಂದೂ ಜನ ನಂಬಿದ್ದರು. ಅವನು ಶುಭಾಶುಭಗಳ ಸೂಚನೆ ಕೊಡುತ್ತಾನೆಂಬ ನಂಬಿಕೆಯೂ ಬೆಳೆಯಿತು. ಇಂದು ಅವನನ್ನು ಅದೃಷ್ಟದ ಗುರುತೆಂದು ಎಣಿಸುವುದರ ಬೇರು ಇಲ್ಲಿಯೇ ಇದೆ.

ಸುಮಾರು 916ರಲ್ಲಿ ಯುಎಲಿನ್ ವಿಹಾರದಲ್ಲಿ, ಒಂದು ಬಂಡೆಯ ಮೇಲೆ ಕುಳಿತಂತೆಯೇ ಅವನು ಪ್ರಾಣ ಬಿಟ್ಟನೆಂದು ಪ್ರತೀತಿ. ಅವನು ಬಿಟ್ಟುಹೋದ ಪದ್ಯವೊಂದನ್ನು ಓದಿದವರು, ಮುಂದೆ ಅವತರಿಸಲಿರುವ ಮೈತ್ರೇಯ ಬುದ್ಧನೇ ಈ ವೇಷದಲ್ಲಿ ಬಂದಿದ್ದನೆಂದು ತಿಳಿದರು. ಹೀಗೆ ಭಿಕ್ಷುವಿಗೆ ಬುದ್ಧನೆಂಬ ಹೆಸರು ಅಂಟಿತು. 988ರಲ್ಲಿ ಮುಗಿದ ಭಿಕ್ಷುಗಳ ಚರಿತ್ರೆಯೊಂದರಲ್ಲಿ ಅವನ ಕಥೆ ಸೇರಿದೆ. ಆ ವೇಳೆಗಾಗಲೇ ಜನ ಅವನ ಚಿತ್ರ ಬರೆಯುತ್ತಿದ್ದರು. ಚೀನಾದ ದೇಗುಲಗಳ ಮುಂಬಾಗಿಲ ಮಂಟಪದಲ್ಲಿ ಅವನು ಬಂದವರನ್ನು ನಗುತ್ತ ಎದುರುಗೊಳ್ಳುತ್ತಾನೆ. ಜಪಾನಿನಲ್ಲಿ ಹೋತೇಯ್ ಎಂಬ ಹೆಸರಿನಿಂದ ಏಳು ಭಾಗ್ಯದೇವತೆಗಳಲ್ಲಿ ಒಬ್ಬನಾದ. ಮೂರ್ತಿಗಳು ನೆಲೆ ಬದಲಿಸುವುದು ವೆರ್ಣಾಕ್ಕೆ ಹೊಸದಲ್ಲ. ಪೋರ್ಚುಗೀಸರ ಕಾಲದಲ್ಲಿ ಇಲ್ಲಿನ ಮಹಾಲಸಾ ದೇವಿ ಮಾರ್ದೋಳಕ್ಕೆ ಹೋದುದನ್ನು ಇಲ್ಲಿಯವರೆಲ್ಲ ಬಲ್ಲರು. ಆದರೆ ದೇವಿ ಹೋದಲ್ಲಿ ಆಕೆಯ ಕಥೆಯೂ ಹೋಯಿತು. ಬುದಾಯ್ ನಮ್ಮ ಮನೆಗೆ ಬರುವಾಗ ಅವನ ಕಥೆ ದಾರಿಯಲ್ಲೇ ಉಳಿಯಿತು.

ಅದರ ಬದಲು ಬಂದವು ಹಲವು ನಿಯಮಗಳು. ಮೂರ್ತಿ ಬಾಗಿಲಿಗೆ ಎದುರಾಗಿರಬೇಕು, ಹೊಟ್ಟೆ ಸವರಿದರೆ ಹಣ ಬರುತ್ತದೆ, ತಾನೇ ಕೊಂಡರೆ ಫಲವಿಲ್ಲ, ಯಾರಾದರೂ ಕಾಣಿಕೆಯಾಗಿ ಕೊಡಬೇಕು ಎನ್ನುತ್ತಾರೆ. ಕೊನೆಯ ಮಾತಿನಲ್ಲಿ ಮಾತ್ರ ಆ ಭಿಕ್ಷುವಿನ ನೆನಪು ಸ್ವಲ್ಪ ಉಳಿದಿದೆ. ಅವನ ಚೀಲದಿಂದ ಮಕ್ಕಳಿಗೆ ತಿಂಡಿ ಸಿಗುತ್ತಿತ್ತೆಂದು ಜನ ಕಥೆ ಹೇಳುತ್ತಾರೆ. ಮೂರ್ತಿಯ ಮೈಮೇಲೆ ಮಕ್ಕಳು ಹತ್ತಿ ಆಡುವಂತೆ ಕಡೆಯುವುದೂ ಉಂಟು.

ವಿದ್ಯಾರ್ಥಿ ಮಿತ್ರರೇ, ತಿಂಗಳ ಸಂಬಳ ಬೆವರಿನಿಂದ ಬರುತ್ತದೆಯೇ ಹೊರತು ಮಣ್ಣಿನ ಹೊಟ್ಟೆ ಸವರುವುದರಿಂದ ಬರುವುದಿಲ್ಲವೆಂಬುದನ್ನು ನಮ್ಮ ತಂದೆ ತಾಯಂದಿರು ನಮಗಿಂತ ಚೆನ್ನಾಗಿ ಬಲ್ಲರು. ಹಾಗೆಂದು ಮೂರ್ತಿಯನ್ನು ಷೋಕೇಸಿನಿಂದ ತೆಗೆಯಬೇಕಾಗಿಲ್ಲ. ಏನೂ ಇಲ್ಲದೆಯೂ ನಗಬಲ್ಲವನಾಗಿದ್ದ, ಸಿಕ್ಕಿದ್ದರಲ್ಲಿ ಒಂದು ಪಾಲನ್ನು ಚೀಲದಲ್ಲಿ ಎತ್ತಿಡುತ್ತಿದ್ದ ಒಬ್ಬ ಬಡ ಭಿಕ್ಷು ಅವನೆಂದು ತಿಳಿದು ನೋಡಿದರೆ ಸಾಕು. ಆಗ ಆ ನಗುವಿಗೆ ಅರ್ಥ ಬರುತ್ತದೆ.