ಸ್ವೆಟೊಸ್ಲಾವ್ ರೋರಿಚ್ (1904–1993): ಕನ್ನಡ ನೆಲದಲ್ಲಿ ನೆಲೆಸಿದ ಸಂಕೇತ ಚಿತ್ರಕಾರರು

ಬೆಂಗಳೂರು ನಗರದ ಹೊರವಲಯದಲ್ಲಿ ಕನಕಪುರ ರಸ್ತೆಯಲ್ಲಿರುವ ತಾತಗುಣಿ ಎಸ್ಟೇಟಿನ ಹೆಸರನ್ನು ನಾಡಿನ ಜನತೆ ಬಹುತೇಕ ನ್ಯಾಯಾಲಯದ ಸುದ್ದಿಗಳಲ್ಲಿಯೇ ಕೇಳಿರುತ್ತಾರೆ. ಸದರಿ ಜಮೀನಿನ ಮಾಲೀಕರು ವಿಶ್ವಮನ್ನಣೆ ಪಡೆದ ಚಿತ್ರಕಾರರಾಗಿದ್ದರೆಂಬ ಸಂಗತಿ ಬೆಳಗಾವಿ, ಖಾನಾಪುರದಂತಹ ದೂರದ ಊರುಗಳ ನಾಗರಿಕರಿಗೆ ಅಷ್ಟಾಗಿ ಪರಿಚಿತವಾಗಿರಲಾರದು. ಅವರೇ ಡಾ. ಸ್ವೆಟೊಸ್ಲಾವ್ ರೋರಿಚ್. ಅವರ ಜೀವನ ಮತ್ತು ಕಾರ್ಯಗಳ ಕಿರುಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಸ್ವೆಟೊಸ್ಲಾವ್ ರೋರಿಚ್‌ರವರು 1904ರ ಅಕ್ಟೋಬರ್ 23ರಂದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಜನಿಸಿದರು. ತಂದೆ ನಿಕೊಲಸ್ ರೋರಿಚ್, ತಾಯಿ ಹೆಲೆನಾ. ತಂದೆಯವರು ರಷ್ಯಾದ ಸಂಕೇತವಾದಿ ಕಲಾಪಂಥದೊಡನೆ ಗುರುತಿಸಲ್ಪಡುವ ಮಹಾನ್ ಚಿತ್ರಕಾರರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸ್ ದೇಶದಲ್ಲಿ ತಲೆಯೆತ್ತಿದ ಈ ಪಂಥದ ಕಲಾವಿದರು ಕಣ್ಣಿಗೆ ಕಂಡ ವಸ್ತುವನ್ನು ಕಂಡಂತೆ ಬರೆಯುವುದಕ್ಕೆ ತೃಪ್ತರಾಗದೆ, ರೂಪ ಮತ್ತು ಬಣ್ಣಗಳ ಮೂಲಕ ಕಾಣದ ಭಾವವನ್ನು ಸೂಚಿಸಲು ಯತ್ನಿಸಿದರು. ನಮ್ಮ ದೇವಾಲಯಗಳ ಶಿಲ್ಪವನ್ನು ನೋಡಿ ಬೆಳೆದವರಿಗೆ ಇದು ತೀರಾ ಹೊಸ ವಿಚಾರವೇನೂ ಅಲ್ಲ. ಶಂಖ, ಚಕ್ರ, ಕಮಲಗಳನ್ನು ಕಂಡಾಗ ಅವು ಏನನ್ನು ಸೂಚಿಸುತ್ತವೆಂಬುದು ಭಕ್ತರಿಗೆ ಯಾರೂ ಹೇಳದೆಯೇ ತಿಳಿಯುತ್ತದೆ.

ರಷ್ಯಾದ ಕ್ರಾಂತಿಯ ಕಾಲದಲ್ಲಿ ಕುಟುಂಬವು ತಾಯ್ನಾಡನ್ನು ತೊರೆಯಿತು. ಫಿನ್ಲೆಂಡ್, ಲಂಡನ್ ಮಾರ್ಗವಾಗಿ 1920ರಲ್ಲಿ ಅಮೆರಿಕ ಸೇರಿತು. ಸ್ವೆಟೊಸ್ಲಾವ್‌ರವರು ಅಲ್ಲಿ ವಾಸ್ತುಶಿಲ್ಪ ವ್ಯಾಸಂಗ ಮಾಡಿದರು. 1923ರಲ್ಲಿ ತಂದೆತಾಯಿಯರೊಡನೆ ಮೊದಲ ಬಾರಿಗೆ ಭಾರತಕ್ಕೆ ಬಂದರು. ಮುಂದೆ ಹಿಮಾಚಲದ ಕುಲ್ಲು ಕಣಿವೆಯ ನಗ್ಗರ್ ಗ್ರಾಮವೇ ಕುಟುಂಬದ ನೆಲೆಯಾಯಿತು. 1928ರಲ್ಲಿ ಸ್ಥಾಪಿತವಾದ ಉರುಸ್ವತಿ ಹಿಮಾಲಯ ಸಂಶೋಧನಾ ಸಂಸ್ಥೆಯಲ್ಲಿ ಅವರು ಗಿಡಮೂಲಿಕೆಗಳ ಹಾಗೂ ಟಿಬೆಟಿನ ವೈದ್ಯದ ಅಧ್ಯಯನದಲ್ಲಿ ತೊಡಗಿದರು. ಚಿತ್ರಕಾರರೊಬ್ಬರು ಸಸ್ಯಶಾಸ್ತ್ರದಲ್ಲಿ ಆಸಕ್ತಿ ತಳೆದದ್ದು ಮುಂದೆ ಕರ್ನಾಟಕದಲ್ಲಿಯೂ ಉಪಯೋಗಕ್ಕೆ ಬಂದಿತು.

ತಂದೆಯವರ ಮತ್ತೊಂದು ಕಾರ್ಯವನ್ನು ಇಲ್ಲಿ ಹೇಳುವುದು ಅವಶ್ಯ. ಯುದ್ಧಕಾಲದಲ್ಲಿಯೂ ಶಾಂತಿಕಾಲದಲ್ಲಿಯೂ ವಸ್ತುಸಂಗ್ರಹಾಲಯ, ವಿದ್ಯಾಲಯ, ಸ್ಮಾರಕಗಳಿಗೆ ಯಾರೂ ಹಾನಿ ಮಾಡಬಾರದೆಂಬ ಅವರ ಪ್ರಸ್ತಾವವು 1935ರ ಏಪ್ರಿಲ್ 15ರಂದು ವಾಷಿಂಗ್ಟನ್‌ನಲ್ಲಿ ಒಪ್ಪಂದವಾಗಿ ರೂಪುಗೊಂಡು, ಅಮೆರಿಕ ಖಂಡದ ರಾಷ್ಟ್ರಗಳು ಅದಕ್ಕೆ ಸಹಿ ಹಾಕಿದವು. ಕಲಾಸಂಪತ್ತಿನ ರಕ್ಷಣೆಗೆ ಕಾನೂನಿನ ಬಲ ಬೇಕೆಂದು ಜಗತ್ತಿಗೆ ತಿಳಿಸಿದ ಈ ಮಹನೀಯರ ಮಗನ ಕಲಾಸಂಪತ್ತಿಗೂ ಒಂದು ದಿನ ವಿಶೇಷ ಕಾನೂನನ್ನೇ ಮಾಡಬೇಕಾಗಿ ಬಂದದ್ದು ವಿಪರ್ಯಾಸ.

ಸ್ವೆಟೊಸ್ಲಾವ್‌ರವರು ತಂದೆಯ ನೆರಳಿನಲ್ಲಿ ಉಳಿದವರಲ್ಲ. ತಂದೆಯವರ ಚಿತ್ರಗಳಲ್ಲಿ ಪರ್ವತಗಳು ಪ್ರಧಾನ, ಮನುಷ್ಯ ಸಣ್ಣವನು. ಮಗನ ಚಿತ್ರಗಳಲ್ಲಿ ಮನುಷ್ಯನೇ ಮುಂದೆ ನಿಲ್ಲುತ್ತಾನೆ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಮಾನವಕುಲದ ಯಾತನೆಯನ್ನೂ ಬಿಡುಗಡೆಯನ್ನೂ ವಸ್ತುವಾಗಿರಿಸಿಕೊಂಡು ಮೂರು ಭಾಗಗಳ ಚಿತ್ರವೊಂದನ್ನು ರಚಿಸಿದರು. ಮನುಷ್ಯರು ತಮ್ಮ ಸೆರೆಮನೆಗಳನ್ನು ತಾವೇ ಕಟ್ಟಿಕೊಳ್ಳುತ್ತಾರೆಂಬ ಅರ್ಥದ ಶೀರ್ಷಿಕೆಯುಳ್ಳ ಚಿತ್ರವನ್ನು 1967ರಲ್ಲಿ ಬರೆದರು. ಭಾವಚಿತ್ರ ರಚನೆಯಲ್ಲಿಯೂ ಅವರು ಸಿದ್ಧಹಸ್ತರು. 1942ರಲ್ಲಿ ಜವಾಹರಲಾಲ್ ನೆಹರೂರವರು ಪುತ್ರಿ ಇಂದಿರಾರವರೊಡನೆ ನಗ್ಗರ್‌ಗೆ ಭೇಟಿ ನೀಡಿದ್ದಾಗ ಅವರ ಭಾವಚಿತ್ರಗಳನ್ನು ಬರೆದಿದ್ದರು. ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿ 1966ರಲ್ಲಿ ಅನಾವರಣಗೊಂಡ ನೆಹರೂರವರ ಭಾವಚಿತ್ರವೂ ಇವರ ಕೃತಿಯೇ. 1960ರಲ್ಲಿ ಮಾಸ್ಕೊ ಮತ್ತು ಲೆನಿನ್‌ಗ್ರಾಡ್ ನಗರಗಳಲ್ಲಿ ಇವರ ಚಿತ್ರಪ್ರದರ್ಶನ ನಡೆಯಿತು. 1961ರಲ್ಲಿ ಭಾರತ ಸರ್ಕಾರವು ಪದ್ಮಭೂಷಣ ಪ್ರಶಸ್ತಿ ನೀಡಿ ಗೌರವಿಸಿತು.

1945ರಲ್ಲಿ ಅವರು ಖ್ಯಾತ ಚಲನಚಿತ್ರ ನಟಿ ಹಾಗೂ ಬಾಂಬೆ ಟಾಕೀಸ್ ಸಂಸ್ಥೆಯ ರೂವಾರಿಗಳಲ್ಲಿ ಒಬ್ಬರಾದ ದೇವಿಕಾರಾಣಿಯವರನ್ನು ವಿವಾಹವಾದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯ ಪ್ರಥಮ ಪುರಸ್ಕೃತರು ಇವರೇ. 1947ರ ಡಿಸೆಂಬರ್‌ನಲ್ಲಿ ತಂದೆ ನಿಧನರಾದ ನಂತರ ದಂಪತಿಗಳು ಬೆಂಗಳೂರಿಗೆ ಬಂದು ನೆಲೆಸಿದರು. ಬಿ.ಎಂ. ಕಾವಲ್ ಮತ್ತು ಮಾನವರ್ತೆ ಕಾವಲ್ ಗ್ರಾಮಗಳಲ್ಲಿ ಸುಮಾರು 470 ಎಕರೆ ಜಮೀನು ಅವರ ಒಡೆತನದಲ್ಲಿತ್ತು. ಇದರಲ್ಲಿ 100 ಎಕರೆಯನ್ನು 1954ರಲ್ಲಿ ಸರ್ಕಾರವು ಲಿನಲೋ ಬೆಳೆಗಾಗಿ ಮಂಜೂರು ಮಾಡಿದ್ದು, ಉಳಿದುದನ್ನು ಅವರು ಖರೀದಿಸಿದ್ದರು. ಲಿನಲೋ ಎಂಬುದು ಮೆಕ್ಸಿಕೋ ಮೂಲದ ಮರ. ಅದರಿಂದ ತೆಗೆಯುವ ತೈಲವನ್ನು ಸುಗಂಧದ್ರವ್ಯಗಳಲ್ಲಿ ಬಳಸುತ್ತಾರೆ. ಭೂಸುಧಾರಣಾ ಕಾಯಿದೆಯ 1974ರ ತಿದ್ದುಪಡಿಯಲ್ಲಿ ಈ ಬೆಳೆಯ ಜಮೀನಿಗೆ ವಿನಾಯಿತಿ ದೊರೆತಿತ್ತು. ನಮೂನೆ 7ರ ಅರ್ಜಿಗಳ ಕಾಲವನ್ನು ಬಲ್ಲವರಿಗೆ ಇಂತಹ ವಿನಾಯಿತಿ ಎಷ್ಟು ಅಪರೂಪವೆಂಬುದು ತಿಳಿದಿರುತ್ತದೆ.

ಚಿತ್ರರಚನೆ ಮತ್ತು ತೋಟದ ಕೆಲಸ ಇಲ್ಲಿ ಜೊತೆಜೊತೆಯಾಗಿ ಸಾಗಿದವು. ದಕ್ಷಿಣದ ಕೆಂಪು ಮಣ್ಣು, ಹೊಲದಲ್ಲಿ ದುಡಿಯುವ ಹೆಂಗಸರು, ಸಂಜೆಯ ಆಕಾಶ ಅವರ ಚಿತ್ರಗಳಲ್ಲಿ ಗಾಢ ವರ್ಣಗಳಲ್ಲಿ ಮೂಡಿಬಂದವು. ಕರ್ನಾಟಕ ಚಿತ್ರಕಲಾ ಪರಿಷತ್ತಿನ ಬೆಳವಣಿಗೆಗೆ ಅವರು ಬೆಂಬಲವಾಗಿ ನಿಂತು, ತಮ್ಮ ಮತ್ತು ತಂದೆಯವರ ಚಿತ್ರಗಳನ್ನು ಆ ಸಂಸ್ಥೆಗೆ ನೀಡಿದರು.

ದಂಪತಿಗಳಿಗೆ ಮಕ್ಕಳಿರಲಿಲ್ಲ. ಕೊನೆಯ ವರ್ಷಗಳಲ್ಲಿ ವೃದ್ಧಾಪ್ಯ, ಅನಾರೋಗ್ಯಗಳಿಂದಾಗಿ ತೋಟವನ್ನು ಬಿಟ್ಟು ನಗರದ ಹೋಟೆಲಿನಲ್ಲಿ ವಾಸಿಸಬೇಕಾಯಿತು. ಜಮೀನಿನ ಉತಾರದ ಮೇಲೆ ಹೆಸರಿದ್ದರೂ ಅದನ್ನು ನೋಡಿಕೊಳ್ಳುವ ಶಕ್ತಿ ಮಾಲೀಕರಿಗೆ ಉಳಿದಿರಲಿಲ್ಲ. ರೋರಿಚ್‌ರವರು 1993ರ ಜನವರಿ 30ರಂದು, ದೇವಿಕಾರಾಣಿಯವರು 1994ರ ಮಾರ್ಚ್ 9ರಂದು ನಿಧನರಾದರು. ರೋರಿಚ್‌ರವರ ಸಮಾಧಿ ತಾತಗುಣಿಯ ತೋಟದಲ್ಲಿಯೇ ಇದೆ.

ಅನಂತರ ಆಸ್ತಿಯ ಮೇಲೆ ಹಕ್ಕು ಸಾಧಿಸಲು ಹಲವರು ಮುಂದೆ ಬಂದರು. ಜಮೀನಿನ ಒಂದು ಭಾಗವನ್ನು ತಾನು ಕ್ರಯಕ್ಕೆ ಪಡೆದಿರುವುದಾಗಿ ಖಾಸಗಿ ಕಂಪನಿಯೊಂದು ವಾದಿಸಿತು. ಚಿತ್ರಗಳೂ ಕಲಾವಸ್ತುಗಳೂ ಚದುರಿಹೋಗುವ ಭೀತಿ ಎದುರಾದಾಗ ರಾಜ್ಯ ಸರ್ಕಾರವು 1995ರ ನವೆಂಬರ್‌ನಲ್ಲಿ ಸುಗ್ರೀವಾಜ್ಞೆಯನ್ನೂ 1996ರಲ್ಲಿ ರೋರಿಚ್ ಮತ್ತು ದೇವಿಕಾರಾಣಿ ರೋರಿಚ್ ಎಸ್ಟೇಟ್ ಸ್ವಾಧೀನ ಮತ್ತು ವರ್ಗಾವಣೆ ಅಧಿನಿಯಮವನ್ನೂ ಜಾರಿಗೆ ತಂದಿತು. ಇದನ್ನು ಪ್ರಶ್ನಿಸಿ ಸಲ್ಲಿಸಿದ ಪ್ರಕರಣವು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದವರೆಗೆ ಹೋಗಿ, 2011ರ ಆಗಸ್ಟ್ 9ರಂದು ಅಧಿನಿಯಮವು ಎತ್ತಿಹಿಡಿಯಲ್ಪಟ್ಟಿತು. ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳಲಾಗದೆಂಬ ಸಂವಿಧಾನದ 300ಎ ಅನುಚ್ಛೇದದ ವ್ಯಾಖ್ಯಾನಕ್ಕೆ ಈ ತೀರ್ಪು ಮುಖ್ಯ ಆಧಾರವಾಗಿದ್ದು, ಭೂಸ್ವಾಧೀನದ ಪ್ರಕರಣಗಳಲ್ಲಿ ಅದನ್ನು ಮತ್ತೆ ಮತ್ತೆ ಉಲ್ಲೇಖಿಸಲಾಗುತ್ತಿದೆ. ಒಬ್ಬ ಚಿತ್ರಕಾರರ ಮನೆ, ತೋಟಗಳನ್ನು ಕುರಿತ ವ್ಯಾಜ್ಯವು ಹೊಲ ಕಳೆದುಕೊಳ್ಳುವ ಸಾಮಾನ್ಯ ರೈತರ ಪ್ರಕರಣಗಳಿಗೂ ಹೀಗೆ ಸಂಬಂಧಿಸಿದೆ.

ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನಿಂದ ಕಚೇರಿ ಕೆಲಸದ ನಿಮಿತ್ತ ಬೆಂಗಳೂರಿಗೆ ತೆರಳುವ ನಾಗರಿಕರು ಬಿಡುವಿದ್ದಲ್ಲಿ ಕುಮಾರಕೃಪಾ ರಸ್ತೆಯಲ್ಲಿರುವ ಚಿತ್ರಕಲಾ ಪರಿಷತ್ತಿನಲ್ಲಿ ತಂದೆ, ಮಗ ಇಬ್ಬರ ಚಿತ್ರಗಳನ್ನೂ ವೀಕ್ಷಿಸಬಹುದಾಗಿದೆ. ವಿಧಾನಸೌಧದಿಂದ ಈ ಸ್ಥಳ ಬಹಳ ದೂರವಿಲ್ಲ.